ಯಾವ ಭಕ್ತಿ ಯಾರಿಗೆ ಹೊಂದುತ್ತದೆ: ಗ್ರಂಧಿಗೆ ಅಂಗಡಿಯವನ ಲೆಕ್ಕ

ಪಟ್ಟಿಯಲ್ಲಿ 31 ಸಾಮಾನಿದ್ದವು. ನೋಟ್‌ಬುಕ್ ಹಾಳೆಯ ಎರಡೂ ಮಗ್ಗುಲು ತುಂಬಿ, ಕೊನೆಯ ನಾಲ್ಕನ್ನು ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದರು. ಗೆಜ್ಜೆವಸ್ತ್ರ, ಹೂಬತ್ತಿ, ಬಟ್ಟಲಡಿಕೆ, ದಶಾಂಗ, ಪಚ್ಚಕರ್ಪೂರ, ಅಷ್ಟಗಂಧ, ಹೀಗೆ. ತಂದ ಹೆಣ್ಣುಮಗಳು ಹಾಸನದಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸ್. ಅತ್ತೆಗೆ ಮಂಡಿ ಹಿಡಿದುಕೊಂಡು ನೆಲಕ್ಕೆ ಕೂರಲಾಗುತ್ತಿಲ್ಲವಂತೆ, ದೇವರಮನೆ ಸೊಸೆಯ ಪಾಲಿಗೆ ಬಂದಿದೆ.

“ಅಣ್ಣಾ, ವಾರದಲ್ಲಿ ಮೂರು ದಿನ ನೈಟ್ ಡ್ಯೂಟಿ ನಂದು. ಬೆಳಿಗ್ಗೆ ಮನೆಗೆ ಬಂದು ಬಿದ್ಕೊಂಡ್ರೆ ಸಾಕು ಅನ್ನಂಗಾಗಿರುತ್ತೆ. ಇಷ್ಟೆಲ್ಲ ಯಾವಾಗ ಮಾಡ್ಲಿ? ಬೇರೆ ಏನಾದ್ರೂ ಸುಲಭದ್ದು ಇದ್ಯಾ?”

ಶ್ರಾವಣದ ಶುಕ್ರವಾರ, ಹಿಂದೆ ನಾಲ್ಕು ಜನ ನಿಂತಿದ್ದರು. “ಹೂಬತ್ತಿ, ಅರಿಶಿನ ಕುಂಕುಮ, ಊದುಬತ್ತಿ ಇಷ್ಟು ತಗೊಂಡ್ಹೋಗಮ್ಮ, ಮಿಕ್ಕಿದ್ದು ಆಮೇಲೆ ನೋಡೋಣ” ಅಂದು ಕಳಿಸಿದೆ. ಅವತ್ತು ಕೊಡಲಾಗದ ಪೂರ್ತಿ ಉತ್ತರ ಇದು.

ನಾನು ಅರ್ಚಕನೂ ಅಲ್ಲ, ಶಾಸ್ತ್ರ ಓದಿದವನೂ ಅಲ್ಲ. ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನಲ್ಲಿ ಒಂದು ಗ್ರಂಧಿಗೆ ಅಂಗಡಿ, ಅಪ್ಪನಿಂದ ಬಂದದ್ದು. ಆದರೆ ಯಾರು ಯಾವ ದೇವರಿಗೆ ಏನು ಒಯ್ಯುತ್ತಾರೆ, ಎಷ್ಟು ದಿನ ಒಯ್ಯುತ್ತಾರೆ, ಯಾವ ತಿಂಗಳಿಂದ ಬರುವುದು ನಿಲ್ಲಿಸುತ್ತಾರೆ ಎನ್ನುವುದು ಗಲ್ಲಾದಲ್ಲಿ ಕೂತವನಿಗೆ ತಾನಾಗಿ ಗೊತ್ತಾಗುತ್ತದೆ. ಯಾವ ಭಕ್ತಿ ಮೇಲು ಎಂಬ ಜಗಳ ನನಗೆ ಬೇಡ. ನಾನು ನೋಡುವುದು ಇಷ್ಟು: ಅದಕ್ಕೆ ಎಷ್ಟು ಹೊತ್ತು ಬೇಕು, ಮೈಗೆ ಎಷ್ಟು ಭಾರ, ಜೊತೆಗೆ ಜನ ಬೇಕಾ, ಜ್ವರ ಬಂದು ಮಲಗಿದ ದಿನ ಅದು ಏನಾಗುತ್ತದೆ.

ಭಕ್ತಿಯ ಒಂಬತ್ತು ಬಗೆಯ ಪಟ್ಟಿ ಎಲ್ಲರಿಗೂ ಗೊತ್ತಿರುವುದೇ. ಭಾಗವತದ ಏಳನೇ ಸ್ಕಂಧದಲ್ಲಿ ಹಿರಣ್ಯಕಶಿಪು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇಷ್ಟು ದಿನ ಗುರುಗಳ ಹತ್ತಿರ ಕಲಿತದ್ದರಲ್ಲಿ ಒಳ್ಳೆಯದು ಯಾವುದು ಹೇಳು ಕಂದಾ ಎನ್ನುತ್ತಾನೆ. ಪ್ರಹ್ಲಾದ ಶ್ರವಣ, ಕೀರ್ತನ, ಸ್ಮರಣ, ಪಾದಸೇವನ, ಅರ್ಚನ, ವಂದನ, ದಾಸ್ಯ, ಸಖ್ಯ, ಆತ್ಮನಿವೇದನ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಅಪ್ಪ ಸಿಟ್ಟಿಗೆದ್ದು ತೊಡೆಯಿಂದ ಕೆಳಕ್ಕೆ ದೂಡುತ್ತಾನೆ. ಹಿಂದಿನವರು ಇದಕ್ಕೆ ಒಂದೊಂದು ಹೆಸರನ್ನೂ ಜೋಡಿಸಿಟ್ಟಿದ್ದಾರೆ. ಕೇಳಿದವನು ಪರೀಕ್ಷಿತ, ಹೇಳಿದವನು ಶುಕ, ನೆನೆದವನು ಪ್ರಹ್ಲಾದ, ಪಾದ ಒತ್ತಿದವಳು ಲಕ್ಷ್ಮಿ, ಪೂಜೆಗೆ ಪೃಥು, ನಮಸ್ಕಾರಕ್ಕೆ ಅಕ್ರೂರ, ದಾಸ್ಯಕ್ಕೆ ಹನುಮ, ಸಖ್ಯಕ್ಕೆ ಅರ್ಜುನ, ತನ್ನನ್ನೇ ಕೊಟ್ಟುಕೊಂಡದ್ದಕ್ಕೆ ಬಲಿ. ಗಮನಿಸಿ, ಒಬ್ಬೊಬ್ಬರಿಗೆ ಒಂದೊಂದೇ. ಶಾಪಕ್ಕೆ ಸಿಕ್ಕಿದ ಪರೀಕ್ಷಿತನಿಗೆ ಬದುಕಲು ಉಳಿದದ್ದು ಏಳು ದಿನ. ಅವನಿಗೆ ಯಾರೂ ಮಂಡಲ ಪೂಜೆ ಹೇಳಲಿಲ್ಲ, ಕೂತು ಕೇಳು ಅಂದರು. ಕಣ್ಣು, ಕಿವಿ, ಕೈ, ಕಾಲು ಎಲ್ಲವನ್ನೂ ಹರಿಗೇ ಮೀಸಲಿಟ್ಟವನು ಎಂದು ಅಂಬರೀಷನ ಹೆಸರು ಬರುತ್ತದೆ. ಅವನು ಚಕ್ರವರ್ತಿ, ಮನೆಯಲ್ಲಿ ಆಳುಕಾಳಿಗೆ ಬರವಿರಲಿಲ್ಲ.

ಅರ್ಚನೆ

ಮೊದಲು ನನ್ನ ವ್ಯಾಪಾರದ್ದನ್ನೇ ಹೇಳಿಬಿಡುತ್ತೇನೆ. ಭಕ್ತಿ ಎಂದರೆ ಪೂಜೆ ಎಂದೇ ಮುಕ್ಕಾಲು ಜನ ತಿಳಿದಿರುತ್ತಾರೆ, ನನ್ನ ಮನೆ ನಡೆದಿರುವುದೂ ಹಾಗೆ ತಿಳಿದವರಿಂದಲೇ. ಆದರೂ ಹೊಸದಾಗಿ ಶುರು ಮಾಡುವವರಿಗೆ ಒಂಬತ್ತರಲ್ಲಿ ಅತಿ ಕಷ್ಟದ್ದು ಇದೇ ಎಂದು ನನ್ನ ಅನಿಸಿಕೆ. ಹೊತ್ತು, ಮಡಿ, ಸಾಮಾನು, ಜಾಗ ನಾಲ್ಕೂ ಬೇಕು. ಒಂದು ತಪ್ಪಿದರೆ ಪೂಜೆಯೇ ತಪ್ಪಿದ ಹಾಗೆ ಮನಸ್ಸು ಕೊರೆಯುತ್ತದೆ.

ಅಪ್ಪ ತೀರಿಕೊಂಡ ವರ್ಷ ಅವರಂತೆಯೇ ದಿನಾ ಷೋಡಶೋಪಚಾರ ಮಾಡುತ್ತೇನೆ ಎಂದು ಹೊರಟೆ. ಆವಾಹನೆಯಿಂದ ಹಿಡಿದು 16 ಉಪಚಾರ. ಮೊದಲ ತಿಂಗಳು ಸರಿಯಾಗಿ ನಡೆಯಿತು. ಎರಡನೇ ತಿಂಗಳು ಅಂಗಡಿ ಬಾಗಿಲು ತೆಗೆಯುವುದು ತಡವಾಗಿ, ಮಂತ್ರ ಹೇಳುತ್ತಾ ಹೇಳುತ್ತಾ ಗಡಿಯಾರದ ಕಡೆ ಕಣ್ಣು. ಮೂರನೇ ತಿಂಗಳು ಒಂದು ಬೆಳಿಗ್ಗೆ ನೈವೇದ್ಯದ ಹಾಲು ಉಕ್ಕಿಹೋಯಿತು. ದೇವರ ಮುಂದೆ ಕೂತಲ್ಲಿಂದಲೇ ಹೆಂಡತಿಯ ಮೇಲೆ ರೇಗಿದೆ. ಅವಳು ಏನೂ ಅನ್ನಲಿಲ್ಲ, ಮಸಿಬಟ್ಟೆ ತಂದು ಒಲೆಯ ಸುತ್ತ ಒರೆಸಿದಳು. ಸೀದ ಹಾಲಿನ ವಾಸನೆ ಧೂಪವನ್ನೂ ಮೀರಿ ಬರುತ್ತಿತ್ತು. ಮಾರನೇ ದಿನದಿಂದ ಐದಕ್ಕೆ ಇಳಿಸಿದೆ: ಗಂಧ, ಹೂವು, ಧೂಪ, ದೀಪ, ನೈವೇದ್ಯ. ಪಂಚೋಪಚಾರ ಎಂದು ಅದಕ್ಕೂ ಶಾಸ್ತ್ರದಲ್ಲಿ ಹೆಸರಿದೆ, ನಾನು ಕಂಡುಹಿಡಿದದ್ದೇನಲ್ಲ. ಗೀತೆಯ ಒಂಬತ್ತನೇ ಅಧ್ಯಾಯಕ್ಕೆ ಹೋದರೆ ಇನ್ನೂ ಕಡಿಮೆ. ಒಂದು ಎಲೆ, ಹೂವು, ಹಣ್ಣು, ನೀರು, ಇದರಲ್ಲಿ ಏನು ಕೊಟ್ಟರೂ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ ಕೃಷ್ಣ. ನಾಲ್ಕರಲ್ಲಿ ಒಂದೂ ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ.

ಮನೆಪೂಜೆಯೊಳಗೇ ಬೇರೆ ಬೇರೆ ದಾರಿಗಳಿವೆ. ಸ್ಮಾರ್ತರ ಪಂಚಾಯತನದಲ್ಲಿ ಗಣಪತಿ, ಸೂರ್ಯ, ವಿಷ್ಣು, ಶಿವ, ದೇವಿ ಐವರೂ ಒಂದೇ ತಟ್ಟೆಯಲ್ಲಿ. ನಿಮಗೆ ಇಷ್ಟವಾದವರು ನಡುವೆ, ಉಳಿದ ನಾಲ್ವರು ಸುತ್ತ. ಒಂದೇ ಮನೆಯಲ್ಲಿ ಗಂಡನಿಗೆ ಶಿವ, ಹೆಂಡತಿಗೆ ಕೃಷ್ಣ ಎಂದಿದ್ದರೆ ಇದು ಬಹಳ ಅನುಕೂಲ. ಇಷ್ಟಲಿಂಗದ್ದು ಇದಕ್ಕೆ ತದ್ವಿರುದ್ಧ. ಐವರೂ ಇಲ್ಲ, ಮಂಟಪವೂ ಇಲ್ಲ. ಎಡ ಅಂಗೈಯೇ ಪೀಠ. ಆ ಗಿರಾಕಿಗಳು ನನ್ನಲ್ಲಿ ಕೊಳ್ಳುವುದು ವಿಭೂತಿ ಗಟ್ಟಿ, ಶಿವದಾರ, ಎಂದಾದರೂ ಒಮ್ಮೆ ಲಿಂಗವಿಡುವ ಹೊಸ ಕರಡಿಗೆ. ಕೊರಳಲ್ಲಿ ದೇವರನ್ನು ಕಟ್ಟಿಕೊಂಡವರಿಗೆ ಊರು ಬಿಟ್ಟರೂ ಡ್ಯೂಟಿ ಬದಲಾದರೂ ಪೂಜೆ ತಪ್ಪುವುದಿಲ್ಲ. ಬಸವಣ್ಣನವರು ದೇಹವನ್ನೇ ದೇಗುಲ ಎಂದದ್ದರ ಅನುಕೂಲ ರಾತ್ರಿ ಪಾಳಿಯವರಿಗೆ ಬೇಗ ತಿಳಿಯುತ್ತದೆ. ಆದರೆ ಅದು ಗುರುವಿನಿಂದ ದೀಕ್ಷೆಯಾಗಿ ಬರಬೇಕಾದದ್ದು, ಪಟ್ಟಿ ಬರೆದು ಅಂಗಡಿಯಿಂದ ಕಟ್ಟಿಸಿಕೊಂಡು ಹೋಗುವ ಮಾತಲ್ಲ.

ಮಂತ್ರ ಬರುವುದಿಲ್ಲ ಎಂಬುದು ಬಹಳ ಜನರ ಅಳುಕು. ಚಿಕ್ಕಮಗಳೂರಿಗೆ ಹೋದಾಗ ಪಕ್ಕದ ಹಿರೇಮಗಳೂರಿನ ಕೋದಂಡರಾಮನ ಗುಡಿಗೆ ಹೋಗಿ ಬನ್ನಿ. ಅಲ್ಲಿ ಅರ್ಚನೆ ಕನ್ನಡದಲ್ಲೇ ನಡೆಯುತ್ತದೆ. ಒಂದು ಸಲ ಕಿವಿಯಾರೆ ಕೇಳಿ ಬಂದರೆ ಮನೆಯಲ್ಲಿ ದೇವರ ಮುಂದೆ ಬಾಯಿಬಿಟ್ಟು ಮಾತಾಡಲು ಸಂಕೋಚವಾಗುವುದಿಲ್ಲ.

ಕೇಳುವುದು, ಹಾಡುವುದು

ಪ್ರಹ್ಲಾದ ಶ್ರವಣವನ್ನು ಮೊದಲು ಇಟ್ಟ. ನಮ್ಮ ಜನ ಅದನ್ನು ಭಕ್ತಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. “ಏನೂ ಮಾಡ್ಲಿಲ್ಲ, ಸುಮ್ನೆ ಕೇಳ್ತಾ ಕೂತಿದ್ದೆ” ಎನ್ನುತ್ತಾರೆ.

ನಮ್ಮ ಅಪ್ಪನ ಕಡೆಯವರು ಕಡೂರು ಸೀಮೆಯವರು. ಜೈಮಿನಿ ಭಾರತದ ಲಕ್ಷ್ಮೀಶ ಆ ತಾಲ್ಲೂಕಿನ ದೇವನೂರಿನವನು, ಹಾಗಾಗಿ ಅಲ್ಲಿ ಅವನ ಷಟ್ಪದಿ ಓದಿಸುವುದೆಂದರೆ ಮನೆಮಗನ ಮಾತು ಕೇಳಿದ ಹಾಗೆ. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಬಿಡಿಸುವುದು. ಬೇಸಿಗೆ ರಜೆಯಲ್ಲಿ ಹೋದಾಗ ಅಜ್ಜಿ ಪಡಸಾಲೆಯ ಮೂಲೆಯಲ್ಲಿ ಕೂತು ಹುಣಸೇಹಣ್ಣು ಕುಟ್ಟಿ ಬೀಜ ತೆಗೆಯುತ್ತಾ ಕೇಳುತ್ತಿದ್ದುದು ನೆನಪಿದೆ. ಟಕ್, ಟಕ್ ಎಂದು ಪದ್ಯಕ್ಕೆ ತಾಳ ಹಾಕಿದ ಹಾಗೆ. ಚಂದ್ರಹಾಸ ತೋಟದಲ್ಲಿ ಮಲಗಿದ್ದಾನೆ, ಅವನಿಗೆ ವಿಷ ಕೊಡಿ ಎಂದು ಬರೆದ ಓಲೆ ಅವನ ಮಡಿಲಲ್ಲೇ ಇದೆ, ಓಲೆ ಬರೆದ ಮಂತ್ರಿಯ ಮಗಳು ವಿಷಯೆ ಬಗ್ಗಿ ಅದನ್ನು ತೆಗೆದು ಓದುತ್ತಾಳೆ. ಅಲ್ಲಿಗೆ ಅಜ್ಜಿಯ ಕೈ ನಿಲ್ಲುತ್ತಿತ್ತು. ಅವಳು ಒಂದಕ್ಷರ ತಿದ್ದಿ ‘ವಿಷ’ವನ್ನು ‘ವಿಷಯೆ’ ಮಾಡುವವರೆಗೂ ಟಕ್ ಎನ್ನುವ ಸದ್ದಿಲ್ಲ. ಎಷ್ಟನೇ ಸಲ ಕೇಳುತ್ತಿದ್ದರೋ. ಓದು ಬಾರದ ಹೆಂಗಸು, ದೇವರಮನೆಯಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ನಿಂತದ್ದು ನಾನು ನೋಡಲಿಲ್ಲ.

ಶ್ರವಣಕ್ಕೆ ಕೈಗಳು ಬಿಡುವಾಗಿರಬೇಕಿಲ್ಲ, ನೆಲಕ್ಕೆ ಕೂರಬೇಕಿಲ್ಲ, ಕಣ್ಣು ಮಂಜಾದರೂ ನಡೆಯುತ್ತದೆ. ಒಂದೇ ಎಚ್ಚರಿಕೆ. ಬೆಳಗಾಗೆದ್ದು ಮೊಬೈಲಿನಲ್ಲಿ ಸುಪ್ರಭಾತ ಹಾಕಿ ಇನ್ನೊಂದು ಕೋಣೆಗೆ ಹೋಗುವುದನ್ನು ನಾನು ಶ್ರವಣದ ಖಾತೆಗೆ ಬರೆಯುವುದಿಲ್ಲ. ಅದನ್ನು ಕೇಳುತ್ತಿರುವುದು ಫ್ರಿಜ್ಜು.

ಕೀರ್ತನೆಗೆ ಜನ ಬೇಕು. ಅದೇ ಅದರ ಬಲ, ಅದೇ ತೊಡಕು. ಶನಿವಾರದ ಭಜನೆ ಮಂಡಳಿಗೆ ಸೇರಿದವನನ್ನು ಉಳಿದವರು ಎಳೆದುಕೊಂಡು ಹೋಗುತ್ತಾರೆ, ಒಬ್ಬನಿಗೆ ಬೇಜಾರಾದರೂ ತಾಳ ನಿಲ್ಲುವುದಿಲ್ಲ. ಗಂಡ ಸತ್ತ ಮೇಲೆ ಮನೆಯಿಂದ ಹೊರಗೆ ಬಾರದಿದ್ದ ಗಿರಾಕಿಯೊಬ್ಬರು ಭಜನೆಗೆ ಸೇರಿ ಚೇತರಿಸಿಕೊಂಡದ್ದನ್ನು ಕಂಡಿದ್ದೇನೆ. ಕಂಠ ಚೆನ್ನಾಗಿಲ್ಲ ಎಂಬ ನಾಚಿಕೆ ಬೇಡ. ಚೆನ್ನಾಗಿಯೇ ಇದ್ದವರಿಗೆ ನಮ್ಮ ಜಿಲ್ಲೆಯಲ್ಲೇ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಿದೆ. ಸಂಗೀತಗಾರರ ಊರು, ತಂಬೂರಿಯ ಆಕಾರದಲ್ಲೇ ಕಟ್ಟಿದ ಗುಡಿಯಲ್ಲಿ ಪುರಂದರದಾಸರು, ಕನಕದಾಸರು, ತ್ಯಾಗರಾಜರು ಕೂತಿದ್ದಾರೆ. ಹಾಡನ್ನೇ ಪೂಜೆ ಮಾಡಿಕೊಂಡವರಿಗೆ ಒಂದು ಊರೇ ಇದೆ ಎನ್ನುವುದು ಸಣ್ಣ ಮಾತಲ್ಲ. ಮೈಕು ಹಾಕಿ ಇಡೀ ಬೀದಿಗೆ ಕೇಳಿಸುವ ಕೀರ್ತನೆಯ ವಿಷಯ ಬೇರೆ. ಪಕ್ಕದ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಗುವಿದ್ದರೆ ಪುಣ್ಯದ ಲೆಕ್ಕ ಏರುಪೇರಾಗುತ್ತದೆ.

ಕಾಲಿನ ಭಕ್ತಿ

ಪಾದಸೇವನ ಎಂದರೆ ದೇವರ ಪಾದದ ಸೇವೆ. ನಮ್ಮ ಕಡೆ ಅದು ಹೆಚ್ಚಾಗಿ ನಮ್ಮದೇ ಪಾದದ ಮೇಲೆ ಬರುತ್ತದೆ. ಪಂಡಿತರು ಒಪ್ಪುತ್ತಾರೋ ಇಲ್ಲವೋ, ನಡೆಯುವುದನ್ನೂ ಹತ್ತುವುದನ್ನೂ ಕಾಯುವುದನ್ನೂ ನಾನು ಇದರಡಿಯಲ್ಲೇ ಇಡುತ್ತೇನೆ.

ಕಾಯುವುದಕ್ಕೆ ನಮ್ಮೂರಿಗಿಂತ ಬೇರೆ ಉದಾಹರಣೆ ಬೇಡ. ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆಗೆಯುತ್ತಾರೆ. ಅರಸು ವಂಶದವರು ಬಾಳೆಕಂದು ಕಡಿದ ಮೇಲೆಯೇ ಬಾಗಿಲು. ದೀಪಾವಳಿ ಕಳೆದರೆ ಮತ್ತೆ ವರ್ಷದ ಮಾತು. ಒಳಗೆ ಕಾಣುವುದು ಹುತ್ತದ ರೂಪ; ಸಪ್ತಮಾತೃಕೆಯರಲ್ಲಿ ಮೂವರು ಇಲ್ಲಿ, ಮೂವರು ದೇವಿಗೆರೆಯಲ್ಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿ ಎಂದು ನಂಬಿಕೆ. ಈಚಿನ ವರ್ಷಗಳಲ್ಲಿ 300 ರೂಪಾಯಿ, 1000 ರೂಪಾಯಿಯ ಟಿಕೆಟ್ಟುಗಳೂ ಇವೆ, ಧರ್ಮದರ್ಶನದ ಸಾಲೂ ಇದೆ. ಎರಡರಲ್ಲೂ ನಿಂತು ನೋಡಿದ್ದೇನೆ. ಟಿಕೆಟ್ಟಿನ ಸಾಲಿನಲ್ಲಿ ಜನ ವಾಚು ನೋಡಿಕೊಳ್ಳುತ್ತಾರೆ, ಧರ್ಮದರ್ಶನದಲ್ಲಿ ಚಕ್ಕುಲಿ ಹಂಚಿಕೊಳ್ಳುತ್ತಾರೆ. ಅಲ್ಲಿಯ ಸೊಸೆಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ ಎನ್ನುತ್ತಾರೆ. ಸಾಲು ಸರಿಯುವುದೂ ಒಮ್ಮೊಮ್ಮೆ ಅದೇ ವೇಗದಲ್ಲಿ. ಮಂಡಿ ನೋವಿನವರು, ಸಕ್ಕರೆ ಕಾಯಿಲೆಯವರು ನೂಕುನುಗ್ಗಲಿನ ದಿನ ಬಿಟ್ಟು ವಾರದ ನಡುವೆ ಬೆಳಗಿನ ಜಾವಕ್ಕೆ ಬರುವುದು ಮೇಲು.

ಹತ್ತುವುದಕ್ಕೆ ಚಿಕ್ಕಮಗಳೂರಿನ ಮಲ್ಲೇನಹಳ್ಳಿ ಬಳಿ ದೇವೀರಮ್ಮನ ಬೆಟ್ಟ. ನರಕ ಚತುರ್ದಶಿಗೆ ರಾತ್ರಿಯಿಂದಲೇ ಬರಿಗಾಲಲ್ಲಿ ಹತ್ತುತ್ತಾರೆ. ಮಳೆ ಬಿದ್ದಿದ್ದರೆ ಜಾರು, ದಾರಿ ಕಡಿದು. ಇದು ಪ್ರಾಯದವರ ಭಕ್ತಿ. ಒಂದು ರಾತ್ರಿಗೆ ಮುಗಿಯುತ್ತದೆ, ವರ್ಷವಿಡೀ ಹೇಳಿಕೊಳ್ಳಲು ಸಿಗುತ್ತದೆ. ನಡೆಯುವುದು ಇನ್ನೊಂದು ತರಹ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಹೊರಟವರು ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆ ದಾಟಿ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿಯಲ್ಲೋ, ಸಕಲೇಶಪುರದ ಮೇಲೆ ಶಿರಾಡಿಯಲ್ಲೋ ಇಳಿಯುತ್ತಾರೆ. ಆ ವಾರ ನನ್ನ ಅಂಗಡಿಯಲ್ಲಿ ಕರ್ಪೂರ ಖರ್ಚಾಗುವುದು ಆರತಿಗಲ್ಲ. ಕೊಬ್ಬರಿ ಎಣ್ಣೆಗೆ ಹಾಕಿ ಕಾಯಿಸಿ ಮೀನಖಂಡಕ್ಕೆ ತಿಕ್ಕಿಕೊಳ್ಳಲು. ದಾರಿಯಲ್ಲಿ ಯಾರೋ ಮಜ್ಜಿಗೆ ಕೊಡುತ್ತಾರೆ, ಯಾರೋ ಕಲ್ಲಂಗಡಿ ಕೊಯ್ದು ಕೊಡುತ್ತಾರೆ. ಮೂರನೇ ದಿನದ ಹೊತ್ತಿಗೆ ಬೊಬ್ಬೆ ಒಡೆದು, ಮಾತು ನಿಂತು, ಹೆಜ್ಜೆ ಮಾತ್ರ ಉಳಿಯುತ್ತದೆ ಎಂದು ಹೋಗಿ ಬಂದವರು ಹೇಳುತ್ತಾರೆ. ಕೂತು ಧ್ಯಾನ ಮಾಡಲು ಬಾರದ, ಮೈ ದಣಿಯದೆ ಮನಸ್ಸು ನಿಲ್ಲದ ಸ್ವಭಾವದವರಿಗೆ ನಾನು ಇದನ್ನೇ ಹೇಳುವುದು. ಹೊಸ ಚಪ್ಪಲಿ ಹಾಕಿಕೊಂಡು ಮಾತ್ರ ಹೊರಡಬೇಡಿ.

ಹರಕೆ

“ಬೇಡಿಕೊಳ್ಳೋದೂ ಒಂದು ಭಕ್ತೀನಾ?” ಎಂದು ಓದಿದವರು ಮೂಗು ಮುರಿಯುತ್ತಾರೆ. ಗೀತೆ ಮುರಿಯುವುದಿಲ್ಲ. ಏಳನೇ ಅಧ್ಯಾಯದಲ್ಲಿ ನನ್ನನ್ನು ಭಜಿಸುವವರು ನಾಲ್ಕು ಬಗೆ ಎಂದು ಲೆಕ್ಕ ಕೊಡುವಾಗ ಮೊದಲು ಬರುವವನೇ ಆರ್ತ, ಕಷ್ಟದಲ್ಲಿ ಬಿದ್ದು ಕೂಗುವವನು. ಆಮೇಲೆ ಜಿಜ್ಞಾಸು, ಅರ್ಥಾರ್ಥಿ, ಕೊನೆಗೆ ಜ್ಞಾನಿ. ಜ್ಞಾನಿ ನನಗೆ ಅತಿ ಪ್ರಿಯ ಎಂದು ಹೇಳಿದ ಮೇಲೂ, ಇವರೆಲ್ಲರೂ ದೊಡ್ಡ ಮನಸ್ಸಿನವರೇ ಎಂದು ಕೃಷ್ಣ ಸೇರಿಸುತ್ತಾನೆ. ಆ ಮಾತನ್ನು ಹಾರಿಸಿ ಓದುವವರು ಜಾಸ್ತಿ.

ಹರಕೆಯ ಬಲವೆಂದರೆ ಅದಕ್ಕೆ ಆರಂಭವೂ ಕೊನೆಯೂ ಇದೆ. ಮುಡಿ ಕೊಡುವುದು, ಉರುಳುಸೇವೆ, ತುಲಾಭಾರ, ದೇವಿಗೆ ಮಡಿಲಕ್ಕಿ. ಕೊಟ್ಟರೆ ತೀರಿತು. ಸಮಸ್ಯೆ ಬರುವುದು ಬೇರೆಯವರ ಮೈಮೇಲೆ ಹೊತ್ತಾಗ. ಅಜ್ಜಿ ಹೊತ್ತ ಹರಕೆಗೆ ಮೊಮ್ಮಗ ಉರುಳುವುದು, ಅಮ್ಮ ಹೊತ್ತದ್ದಕ್ಕೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ರಜೆ ಹಾಕಿ ಓಡಿಬರುವುದು. ಹೊರುವುದಾದರೆ ನಿಮ್ಮ ಕೂದಲು, ನಿಮ್ಮ ಕಾಲು, ನಿಮ್ಮ ದುಡ್ಡು ಹೊರಿ. ಸಾಲ ಮಾಡಿ ತುಲಾಭಾರ ಮಾಡಿಸಲು ಸಾಮಾನು ಕೇಳಿದವರಿಗೆ ನಾನು ಒಂದೆರಡು ಸಲ ಇಲ್ಲ ಎಂದಿದ್ದೇನೆ. ಒಳಗೆ ಸ್ಟಾಕ್ ಇತ್ತು.

ಇದರ ಜೊತೆಗೇ ನಮ್ಮ ಹಳ್ಳಿಗಳ ಹರಿಸೇವೆಯನ್ನು ನೆನೆಯಬೇಕು. ಮನೆದೇವರು ವೆಂಕಟರಮಣನೋ ರಂಗನಾಥನೋ ಆದವರು ದಾಸಯ್ಯಂದಿರನ್ನು ಕರೆಸಿ, ಶಂಖ ಜಾಗಟೆ ಮೊಳಗಿಸಿ, ಊರಿಗೆ ಊಟ ಹಾಕುತ್ತಾರೆ. ಶ್ರಾವಣ ಶನಿವಾರ ನಾಮ ಹಾಕಿಕೊಂಡು ಮನೆಮನೆಗೆ ಹೋಗಿ ಪಡಿ ಬೇಡುವ ಪದ್ಧತಿಯೂ ಇದೆ. ಹತ್ತು ಎಕರೆ ಜಮೀನಿನ ಯಜಮಾನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತು ಗೋವಿಂದಾ ಎನ್ನುತ್ತಾನೆ. ಜಂಬ ಇಳಿಸಲು ಇದಕ್ಕಿಂತ ಅಗ್ಗದ ಉಪಾಯ ನಾನು ಕಂಡಿಲ್ಲ.

ದೇವರು ನಿಮಗೆ ಏನಾಗಬೇಕು?

ಮೇಲೆ ಹೇಳಿದ್ದೆಲ್ಲ ಮಾಡುವ ಕೆಲಸ. ದಾಸ್ಯ, ಸಖ್ಯ, ಆತ್ಮನಿವೇದನ ಈ ಮೂರು ಹಾಗಲ್ಲ, ಸಂಬಂಧದ ಮಾತು. ಮದುವೆ ಮನೆಯಲ್ಲಿ ಕೇಳುವ ಹಾಗೆ, ಅವರು ನಿಮಗೆ ಏನಾಗಬೇಕು ಎನ್ನುವ ಪ್ರಶ್ನೆ. ಯಜಮಾನನೋ, ಗೆಳೆಯನೋ? ಯಶೋದೆಗೆ ಮಗ, ಅಕ್ಕಮಹಾದೇವಿಗೆ ಗಂಡ. ಇದನ್ನು ಯಾರೂ ಆರಿಸಿಕೊಡಲಾರರು.

ಸಖ್ಯ ಸುಲಭ ಎಂದು ಈಗಿನ ಹುಡುಗರು ತಿಳಿಯುತ್ತಾರೆ. ನಾನು ಒಪ್ಪುವುದಿಲ್ಲ. ಅರ್ಜುನ ಗೆಳೆಯನಾಗಿಯೇ ಇದ್ದವನು, ವಿಶ್ವರೂಪ ನೋಡಿದ ಮೇಲೆ ಹೋಗೋ ಬಾರೋ ಅಂದಿದ್ದೆನಲ್ಲಾ, ಊಟಕ್ಕೆ ಕೂತಾಗ ತಮಾಷೆ ಮಾಡಿದ್ದೆನಲ್ಲಾ ಎಂದು ನಡುಗಿ ಕ್ಷಮೆ ಕೇಳುತ್ತಾನೆ. ದಾಸ್ಯವೇ ಹಗುರ, ಹೇಳಿದ ಕೆಲಸ ಮಾಡಿ ಮುಗಿಸಿದರೆ ಸಾಕು, ಹನುಮನಿಗೆ ಸಂಶಯವೇ ಬರಲಿಲ್ಲ.

ಇಲ್ಲಿ ಆಚಾರ್ಯರುಗಳ ನಡುವಿನ ವ್ಯತ್ಯಾಸವೂ ನಮ್ಮ ಸುತ್ತಲೇ ಸಿಗುತ್ತದೆ. ಕಳಸದ ಹತ್ತಿರ ಅಂಬುತೀರ್ಥದಲ್ಲಿ ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂಬ ಬಂಡೆಯಿದೆ. ದೇವರ ದೊಡ್ಡತನವನ್ನು ಮೊದಲು ತಿಳಿ, ಆ ತಿಳಿವಿನ ಮೇಲೆ ಅಲುಗದ ಸ್ನೇಹ ಬೆಳೆಸು, ಅದೇ ಭಕ್ತಿ ಎಂಬುದು ಅವರ ಮಾತು. ತಿಳಿಯದೆ ಪ್ರೀತಿಸಿದರೆ ನಿಲ್ಲದು. ಶೃಂಗೇರಿಯ ಶಂಕರರ ಹಾದಿಯಲ್ಲಿ ತನ್ನ ನಿಜ ಸ್ವರೂಪವನ್ನು ಹುಡುಕುವುದಕ್ಕೇ ಭಕ್ತಿ ಎನ್ನುತ್ತಾರೆ. ಹಾಗೆಂದು ಅಲ್ಲಿ ಶಾರದಾಂಬೆಯ ಪೂಜೆಯನ್ನೇನೂ ಬಿಟ್ಟಿಲ್ಲ, ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸಲು ಜನ ಅಲ್ಲಿಗೇ ಹೋಗುತ್ತಾರೆ. ರಾಮಾನುಜರ ಹಾದಿಯಲ್ಲಿ ಪ್ರಪತ್ತಿ, ಶರಣಾಗುವುದು. ಅವರ ಅನುಯಾಯಿಗಳಲ್ಲೇ ಮುಂದೆ ಎರಡು ಪಂಗಡವಾಗಿ ಒಂದು ಸೊಗಸಾದ ಹೋಲಿಕೆ ಹುಟ್ಟಿತು. ಕೋತಿಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿ ಸುಮ್ಮನಿದ್ದರೆ ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ದಿನಾ ವ್ರತ, ನೇಮ, ಲೆಕ್ಕ ಎನ್ನುವವರು ಕೋತಿಮರಿಯ ಪಂಗಡ. ಬೆಕ್ಕಿನ ಮರಿಯಾಗುವುದು ಕೇಳಲು ಚಂದ, ಆದರೆ ಕೈಬಿಟ್ಟು ಸುಮ್ಮನಿರುವುದಕ್ಕೆ ಎಂಥ ಧೈರ್ಯ ಬೇಕು ನೋಡಿ.

ಆತ್ಮನಿವೇದನ ಎಂದಾಗಲೆಲ್ಲ ನನಗೆ ಹಳೇಬೀಡಿನ ಹೊಯ್ಸಳೇಶ್ವರನ ಆವರಣದ ಗರುಡಗಂಬ ನೆನಪಾಗುತ್ತದೆ. ಇಮ್ಮಡಿ ವೀರಬಲ್ಲಾಳ ಸತ್ತಾಗ ಅವನ ಅಂಗರಕ್ಷಕ ಕುವರ ಲಕ್ಷ್ಮ ಹೆಂಡತಿ, ಸಂಗಡಿಗರ ಸಮೇತ ಪ್ರಾಣ ಬಿಟ್ಟದ್ದಕ್ಕೆ ನಿಲ್ಲಿಸಿದ ಕಂಬ. ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರ ಶಿಲ್ಪ ಅದರ ಮೇಲಿದೆ. ಪ್ರವಾಸಿಗಳು ಫೋಟೋ ತೆಗೆದು ಮುಂದೆ ಹೋಗುತ್ತಾರೆ. ದೊರೆಗಾಗಿ ಹಾಗೆ ಮಾಡಿದರು. ಬಲಿ ಚಕ್ರವರ್ತಿ ದೇವರಿಗೆ ತಲೆ ಒಡ್ಡಿದ ಕಥೆಯಲ್ಲಿ ದೇವರು ಅವನ ಬಾಗಿಲು ಕಾಯಲು ನಿಂತ. ಎರಡು ‘ಕೊಡುವುದ’ರ ನಡುವೆ ನನಗೆ ಕಾಣುವ ಅಂತರ ಅಷ್ಟು.

ಕೆಲಸ, ನೆನಪು

ಇದ್ಯಾವುದೂ ನನ್ನ ಕೈಲಾಗದು ಎನ್ನುವವರಿಗೆ ಗೀತೆಯ ಹನ್ನೆರಡನೇ ಅಧ್ಯಾಯ ಮೆಟ್ಟಿಲು ಇಳಿಸಿಕೊಡುತ್ತದೆ. ಮನಸ್ಸನ್ನು ನನ್ನಲ್ಲೇ ನಿಲ್ಲಿಸು. ಆಗದಿದ್ದರೆ ಅಭ್ಯಾಸ ಮಾಡು. ಅದೂ ಆಗದಿದ್ದರೆ ನನಗಾಗಿ ಕೆಲಸ ಮಾಡು. ಅದೂ ಆಗದಿದ್ದರೆ ಮಾಡಿದ ಕೆಲಸದ ಫಲ ಬಿಡು. ಹೀಗೆ ಚೌಕಾಸಿಗೆ ಒಪ್ಪುವ ಇನ್ನೊಬ್ಬ ವ್ಯಾಪಾರಿಯನ್ನು ನಾನು ನೋಡಿಲ್ಲ.

ಮೂರನೇ ಮೆಟ್ಟಿಲಿಗೆ ಬೇಲೂರನ್ನು ನೋಡಬಹುದು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯಿಂದ ಬಂದ ದಾಸೋಜ, ಚಾವಣ ತಮ್ಮ ಹೆಸರನ್ನು ಶಿಲ್ಪದಡಿ ಕೊರೆದು ಹೋಗಿದ್ದಾರೆ. ಅವರು ದಿನಾ ಎಷ್ಟು ಹೊತ್ತು ಪೂಜೆ ಮಾಡುತ್ತಿದ್ದರೋ ಯಾರಿಗೆ ಗೊತ್ತು? ಉಳಿದಿರುವುದು ಉಳಿಯ ಕೆಲಸ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ದರ್ಶನಕ್ಕೆ ಬಂದವರನ್ನೆಲ್ಲ ಊಟಕ್ಕೆ ಕೂರಿಸುತ್ತಾರಲ್ಲ, ಅಲ್ಲಿ ಪಂಕ್ತಿಯಲ್ಲಿ ಸಾರು ಬಡಿಸುತ್ತಾ ಓಡುವವನದೂ ಇದೇ ಜಾತಿ.

ಉಳಿದದ್ದು ಸ್ಮರಣೆ. ಸಾಮಾನು ಬೇಡ, ಜನ ಬೇಡ, ಸ್ನಾನವೂ ಬೇಡ. ಜ್ವರ ಬಂದ ದಿನವೂ ನಡೆಯುವುದು ಇದೊಂದೇ. ಕಳ್ಳತನವೂ ಇದರಲ್ಲೇ ಜಾಸ್ತಿ. ಮನಸ್ಸಿನಲ್ಲೇ ನೆನೀತೀನಿ ಎಂದು ಹೇಳಿ ಏನನ್ನೂ ನೆನೆಯದಿರಬಹುದು, ಕೇಳುವವರಿಲ್ಲ. ಅದಕ್ಕೇ ಯಾವುದಾದರೂ ದಿನನಿತ್ಯದ ಕೆಲಸಕ್ಕೆ ಗಂಟು ಹಾಕಿಕೊಳ್ಳಿ ಎನ್ನುತ್ತೇನೆ. ಶಟರ್ ಎತ್ತುವಾಗ ನನ್ನದೊಂದು ನಾಮ ಇದೆ. ಶಟರಿಗೆ ಎಣ್ಣೆ ಬಿಟ್ಟಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಹಿಡಿಯುತ್ತದೆ.

ನರ್ಸಮ್ಮ ದೀಪಾವಳಿ ಕಳೆದು ಬಂದರು. ನಾನು ಹೇಳಬೇಕೆಂದಿದ್ದ ಇಷ್ಟುದ್ದದ ಉತ್ತರಕ್ಕೆ ಅವಕಾಶವೇ ಬರಲಿಲ್ಲ.

“ರಾತ್ರಿ ಡ್ರಿಪ್ ಹಾಕಿ ಕಾಯ್ತಾ ನಿಂತಿರ್ತೀನಲ್ಲಣ್ಣ, ಆಗ ಹೇಳ್ಕೋತೀನಿ. ಪೂಜೆ ಅತ್ತೇನೇ ಮಾಡ್ತಾರೆ ಈಗ.”

“ಮಂಡಿ ವಾಸಿ ಆಯ್ತಾ?”

“ಎಲ್ಲಿ ವಾಸಿ! ದೇವರನ್ನ ನೆಲದಿಂದ ಎತ್ತಿ ಮೇಜಿನ ಮೇಲೆ ಇಟ್ವಿ. ಕುರ್ಚಿ ಹಾಕ್ಕೊಂಡು ಕೂತ್ಕೋತಾರೆ. ಮೊದಲನೇ ದಿನ ಒಪ್ಲೇ ಇಲ್ಲ, ಆಮೇಲೆ ಒಂದೂವರೆ ಗಂಟೆ ಎದ್ದೇಳ್ಲಿಲ್ಲ.”

ವ್ಯಾನಿಟಿ ಬ್ಯಾಗಿನಿಂದ ಅದೇ ಹಾಳೆ ತೆಗೆದು ಗಲ್ಲಾದ ಮೇಲಿಟ್ಟರು. ಅಂಚಿನ ಅಡ್ಡ ಅಕ್ಷರ ಅತ್ತೆಯದೆಂದು ಆಗ ಹೊಳೆಯಿತು. ಈ ಸಲ ಪೂರ್ತಿ ಕಟ್ಟಿಕೊಟ್ಟೆ. ಬಟ್ಟಲಡಿಕೆ ಮಾತ್ರ ಮುಗಿದಿತ್ತು, ಸೋಮವಾರ ಬನ್ನಿ ಎಂದೆ.